ತರಗತಿ ಒಗ್ಗದ ಶಿಕ್ಷಕಿ: ಎಗ್ಲಾಂಟೈನ್ ಜೆಬ್

ಮಕ್ಕಳ ಹಕ್ಕುಗಳ ಪಾಠ ಬಂದಾಗ ನಾವು ಸಾಮಾನ್ಯವಾಗಿ ಮೂರು ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ: 1924, 1959, 1989. ಮೊದಲನೆಯದು ಜಿನೀವಾ ಘೋಷಣೆ, ಎರಡನೆಯದು ವಿಶ್ವಸಂಸ್ಥೆಯ ಘೋಷಣೆ, ಮೂರನೆಯದು ಮಕ್ಕಳ ಹಕ್ಕುಗಳ ಒಡಂಬಡಿಕೆ. ಪ್ರಶಿಕ್ಷಣಾರ್ಥಿಗಳು ಅವನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಆ ಮೊದಲ ಇಸವಿಯ ಹಿಂದೆ ಒಬ್ಬ ಶಿಕ್ಷಕಿ ಇದ್ದಾರೆ. ಅವರೂ ತರಬೇತಿ ಕಾಲೇಜಿನಲ್ಲಿ ಕಲಿತವರು. ಶಾಲೆಗೆ ಸೇರಿ, ತರಗತಿ ತನಗೆ ಒಗ್ಗುವುದಿಲ್ಲವೆಂದು ನೊಂದು ಹೊರಬಂದವರು. ಅಭ್ಯಾಸ ಬೋಧನೆಯ ದಿನಗಳಲ್ಲಿ ಓದಲು ಇದಕ್ಕಿಂತ ಹತ್ತಿರದ ಜೀವನ ಚರಿತ್ರೆ ಸಿಗುವುದು ಕಷ್ಟ.

ಮನೆ ಮತ್ತು ಓದು

ಎಗ್ಲಾಂಟೈನ್ ಜೆಬ್ ಹುಟ್ಟಿದ್ದು 1876ರ ಆಗಸ್ಟ್ 25ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಎಲ್ಸ್‌ಮಿಯರ್ ಎಂಬ ಊರಿನ ಬಳಿ. ಅನುಕೂಲಸ್ಥ ಜಮೀನುದಾರರ ಮನೆ. ಅವರ ತಾಯಿ ಹಳ್ಳಿಯ ದುಡಿಯುವ ಜನರಿಗೆ ಮರಗೆಲಸ, ನೇಯ್ಗೆಯಂಥ ಕೈಕಸಬುಗಳನ್ನು ಕಲಿಸುವ ಸಂಘವೊಂದನ್ನು 1884ರಲ್ಲಿ ಕಟ್ಟಿದ್ದರು. ಕಲಿಸುವುದು ಎಂದರೆ ಏನು ಎಂಬುದನ್ನು ಹುಡುಗಿ ಮೊದಲು ನೋಡಿದ್ದು ಮನೆಯಲ್ಲಿಯೇ. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಅವರ ಸೋದರತ್ತೆ ಬೆಂಬಲಕ್ಕೆ ನಿಂತರು. 1895ರಲ್ಲಿ ಎಗ್ಲಾಂಟೈನ್ ಆಕ್ಸ್‌ಫರ್ಡಿನ ಲೇಡಿ ಮಾರ್ಗರೆಟ್ ಹಾಲ್ ಸೇರಿ ಇತಿಹಾಸ ಓದಿದರು.

ಓದು ಮುಗಿದ ಮೇಲೆ ಅವರು ತೆಗೆದುಕೊಂಡ ತೀರ್ಮಾನ ಅವರ ವರ್ಗದವರಿಗೆ ವಿಚಿತ್ರವಾಗಿ ಕಂಡಿತು. ಬಡವರ ಮಕ್ಕಳು ಓದುವ ಪ್ರಾಥಮಿಕ ಶಾಲೆಯ ಶಿಕ್ಷಕಿ ಆಗುವುದೆಂದು ಅವರು ನಿಶ್ಚಯಿಸಿದರು. ಅದಕ್ಕಾಗಿ 1898ರಲ್ಲಿ ಲಂಡನ್ನಿನ ಸ್ಟಾಕ್‌ವೆಲ್ ತರಬೇತಿ ಕಾಲೇಜಿಗೆ ಸೇರಿದರು.

ಮಾರ್ಲ್‌ಬರೋ ಶಾಲೆ

ತರಬೇತಿ ಮುಗಿಸಿ ಅವರು ಮಾರ್ಲ್‌ಬರೋ ಪಟ್ಟಣದ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಆದರ್ಶ ಬೇಕಾದಷ್ಟಿತ್ತು, ಓದು ಇತ್ತು, ತರಬೇತಿಯೂ ಇತ್ತು. ಆದರೂ ದಿನದಿನದ ತರಗತಿ ಅವರನ್ನು ಬಳಲಿಸಿತು. ಶಿಕ್ಷಕಿಗೆ ಸಹಜವಾಗಿ ಬರಬೇಕಾದ ಗುಣಗಳು ತನ್ನಲ್ಲಿಲ್ಲ, ಮಕ್ಕಳ ಜತೆ ಇರುವುದು ತನಗೆ ಸಂತೋಷ ಕೊಡುತ್ತಿಲ್ಲ ಎಂದು ಅವರು ತಮ್ಮನ್ನೇ ಕಠಿಣವಾಗಿ ತೂಗಿಕೊಂಡರು. ಆರೋಗ್ಯವೂ ಕೆಟ್ಟಿತು. ಎರಡು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರು.

ಜೀವನ ಚರಿತ್ರೆಗಳು ಸಾಮಾನ್ಯವಾಗಿ ಈ ಭಾಗವನ್ನು ಒಂದೆರಡು ವಾಕ್ಯದಲ್ಲಿ ದಾಟಿಬಿಡುತ್ತವೆ. ನಾವು ದಾಟಬಾರದು. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕುಳಿತಿರುವಾಗ ಪಾಠ ಕೈತಪ್ಪಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಅಂದು ಸಂಜೆ ಮನಸ್ಸಿಗೆ ಬರುವ ಮಾತು ಒಂದೇ: ಇದು ನನ್ನಿಂದ ಆಗುವ ಕೆಲಸವಲ್ಲ. ಜೆಬ್ ಅವರಿಗೂ ಹಾಗೇ ಅನ್ನಿಸಿತು, ಅವರ ವಿಷಯದಲ್ಲಿ ಅದು ನಿಜವೂ ಆಗಿತ್ತು. ಆದರೆ ಆ ಶಾಲೆಯಲ್ಲಿ ಅವರು ಒಂದನ್ನು ಹತ್ತಿರದಿಂದ ಕಂಡಿದ್ದರು. ಮಗು ಕಲಿಯುವುದು, ಕಲಿಯದಿರುವುದು ಪಾಠದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಮನೆಯ ಬಡತನ, ಹಸಿದ ಹೊಟ್ಟೆ, ಕಾಯಿಲೆ, ಬೇಗ ದುಡಿಮೆಗೆ ಹೋಗಬೇಕಾದ ಒತ್ತಡ ಇವೆಲ್ಲ ಅದರ ಜತೆಗೇ ತರಗತಿಯೊಳಗೆ ಬಂದು ಕೂರುತ್ತವೆ.

ಎಣಿಸಿ, ಬರೆದಿಟ್ಟು ನೋಡುವ ಕೆಲಸ

ಮುಂದೆ ಅವರು ತಾಯಿಯೊಂದಿಗೆ ಕೇಂಬ್ರಿಜ್‌ನಲ್ಲಿ ನೆಲೆಸಿದರು. ಊರಿನಲ್ಲಿ ದಾನಧರ್ಮಕ್ಕೆ ಕೊರತೆ ಇರಲಿಲ್ಲ. ಚರ್ಚುಗಳು, ಸಂಘಗಳು, ಉಳ್ಳವರು ಎಲ್ಲರೂ ಕೊಡುತ್ತಿದ್ದರು. ಆದರೆ ಯಾರು ಯಾರಿಗೆ ಏನು ಕೊಡುತ್ತಿದ್ದಾರೆ, ಯಾರಿಗೆ ಏನೂ ಮುಟ್ಟುತ್ತಿಲ್ಲ ಎಂಬುದರ ಒಟ್ಟು ಚಿತ್ರ ಒಂದೇ ಕಡೆ ಸಿಗುತ್ತಿರಲಿಲ್ಲ. ಜೆಬ್ ಮನೆಗಳು, ಕೂಲಿ, ಮಕ್ಕಳ ದುಡಿಮೆ, ಊರಿನ ದತ್ತಿ ಸಂಸ್ಥೆಗಳು ಇವನ್ನೆಲ್ಲ ವಿಚಾರಿಸಿ 1906ರಲ್ಲಿ ಕೇಂಬ್ರಿಜ್‌ನ ಸಾಮಾಜಿಕ ಸ್ಥಿತಿಯ ಬಗ್ಗೆ ಒಂದು ಅಧ್ಯಯನ ಗ್ರಂಥ ಪ್ರಕಟಿಸಿದರು.

ಆಮೇಲೆ ಶಾಲೆ ಬಿಡುವ ಹುಡುಗರಿಗಾಗಿ ಉದ್ಯೋಗ ನೋಂದಣಿ ಕಚೇರಿಯೊಂದನ್ನು ನಡೆಸಿದರು. ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೀನ್ಸ್ ಅವರ ತಂಗಿ ಮಾರ್ಗರೆಟ್ ಕೀನ್ಸ್. ಹುಡುಗ ಸಿಕ್ಕಿದ ಕೂಲಿಗೆ ಹೋಗಿ ಬೀಳುವ ಬದಲು ಅವನ ಹೆಸರು ಬರೆದುಕೊಂಡು, ಕಸಬು ಕಲಿಯುವಂಥ ಕೆಲಸಕ್ಕೆ ಹೊಂದಿಸುವುದು ಕಚೇರಿಯ ಉದ್ದೇಶ. ತರಗತಿಯಲ್ಲಿ ನಿಲ್ಲಲಾರದ ಶಿಕ್ಷಕಿಗೆ ತನ್ನ ಶಕ್ತಿ ಎಲ್ಲಿದೆ ಎಂಬುದು ಇಲ್ಲಿ ಗೊತ್ತಾಯಿತು. ಕರುಣೆ ಎಲ್ಲರಲ್ಲೂ ಇರುತ್ತದೆ. ಅದನ್ನು ನೋಂದಣಿ, ಲೆಕ್ಕ, ವರದಿಗಳ ಮೂಲಕ ಸರಿಯಾದ ಮಗುವಿಗೆ ಮುಟ್ಟಿಸುವುದು ಬೇರೆಯೇ ಕೌಶಲ.

1913ರಲ್ಲಿ ಬಾಲ್ಕನ್ ಯುದ್ಧದ ಸಂತ್ರಸ್ತರಿಗೆ ಪರಿಹಾರ ನಿಧಿಯ ಹಣ ತಲುಪಿಸಲು ಅವರು ಮ್ಯಾಸಿಡೋನಿಯಾಗೆ ಹೋದರು. ಊರು ಕಳೆದುಕೊಂಡು ಬೀದಿಗೆ ಬಿದ್ದ ಕುಟುಂಬಗಳನ್ನು ಅಲ್ಲಿ ಕಂಡರು. ಯುದ್ಧದಲ್ಲಿ ಗೆದ್ದವರು, ಸೋತವರು ಎಂಬ ಭೇದ ಹಸಿದ ಮಗುವಿನ ಹತ್ತಿರ ಬಂದಾಗ ಅರ್ಥ ಕಳೆದುಕೊಳ್ಳುತ್ತದೆ ಎಂಬ ತಿಳಿವಳಿಕೆ ಆ ಪ್ರವಾಸದಿಂದ ಗಟ್ಟಿಯಾಯಿತು.

ಒಂದು ಕರಪತ್ರ, ಐದು ಪೌಂಡು ದಂಡ

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜೆಬ್ ಅವರ ತಂಗಿ ಡೊರೊಥಿ ಬಕ್ಸ್‌ಟನ್ ಸರ್ಕಾರದ ಅನುಮತಿ ಪಡೆದು ಶತ್ರುದೇಶಗಳ ಪತ್ರಿಕೆಗಳನ್ನೂ ತರಿಸಿ, ಅನುವಾದಿಸಿ, ಕೇಂಬ್ರಿಜ್ ಮ್ಯಾಗಜಿನ್ ಎಂಬ ಪತ್ರಿಕೆಯಲ್ಲಿ ಸಾರಾಂಶ ಪ್ರಕಟಿಸುತ್ತಿದ್ದರು. ಅಕ್ಕನೂ ಈ ಕೆಲಸಕ್ಕೆ ಸೇರಿದರು. ಬ್ರಿಟನ್ನಿನ ಬೇರೆ ಪತ್ರಿಕೆಗಳಲ್ಲಿ ಕಾಣದ ಸುದ್ದಿ ಅವರ ಮೇಜಿನ ಮೇಲೆ ಬರುತ್ತಿತ್ತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಮಕ್ಕಳಿಗೆ ಹಾಲಿಲ್ಲ, ಕೊಬ್ಬಿಲ್ಲ, ಬ್ರೆಡ್ಡಿಲ್ಲ.

1918ರ ನವೆಂಬರ್ 11ಕ್ಕೆ ಕದನ ನಿಂತಿತು. ಆದರೆ ಮಿತ್ರರಾಷ್ಟ್ರಗಳ ನೌಕಾ ದಿಗ್ಬಂಧನ ನಿಲ್ಲಲಿಲ್ಲ. ಸೋತ ದೇಶಗಳು ಶಾಂತಿ ಒಪ್ಪಂದಕ್ಕೆ ಸಹಿ ಹಾಕುವವರೆಗೆ ಒತ್ತಡ ಇರಲಿ ಎಂಬುದು ಲೆಕ್ಕಾಚಾರ. 1919ರ ಮಾರ್ಚಿನ ನಂತರ ಬಿಗಿ ಸಡಿಲವಾಯಿತಾದರೂ, ಪೂರ್ತಿ ತೆರವಾದದ್ದು ಆ ವರ್ಷದ ಜುಲೈನಲ್ಲಿ. ದಿಗ್ಬಂಧನ ಕೊನೆಗೊಳಿಸಬೇಕೆಂದು ಒತ್ತಾಯಿಸಲು 1919ರ ಜನವರಿಯಲ್ಲಿ ಕ್ಷಾಮ ವಿರೋಧಿ ಮಂಡಳಿಯೊಂದು ಹುಟ್ಟಿತು. ಅಕ್ಕತಂಗಿಯರಿಬ್ಬರೂ ಅದರಲ್ಲಿದ್ದರು.

ಆ ವಸಂತದಲ್ಲಿ ಜೆಬ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕರಪತ್ರ ಹಂಚಿದರು. ಅದರಲ್ಲಿ ಆಸ್ಟ್ರಿಯಾದ ಒಂದು ಮಗುವಿನ ಚಿತ್ರವಿತ್ತು. ಮೈಯೆಲ್ಲ ಎಲುಬು, ತಲೆ ಮಾತ್ರ ದೊಡ್ಡದು. ಈ ಸ್ಥಿತಿಗೆ ನಮ್ಮ ದಿಗ್ಬಂಧನವೇ ಕಾರಣ ಎಂಬುದು ಕರಪತ್ರದ ಆರೋಪ. ಯುದ್ಧಕಾಲದ ಕಾನೂನಿನಂತೆ ಅದನ್ನು ಸರ್ಕಾರಿ ಪರಿಶೀಲನೆಗೆ ಒಪ್ಪಿಸಿರಲಿಲ್ಲ. ಪೊಲೀಸರು ಅವರನ್ನು ಬಂಧಿಸಿದರು. ಮೇ 15ರಂದು ನಡೆದ ವಿಚಾರಣೆಯಲ್ಲಿ ಜೆಬ್ ತಮ್ಮ ಪರವಾಗಿ ತಾವೇ ವಾದಿಸಿದರು. ಕಾನೂನಿನ ಪ್ರಕಾರ ತಪ್ಪು ಸಾಬೀತಾಯಿತು, ಐದು ಪೌಂಡು ದಂಡ ಬಿತ್ತು. ವಿಚಾರಣೆ ಮುಗಿದ ಮೇಲೆ ಸರ್ಕಾರದ ಪರ ವಾದಿಸಿದ್ದ ವಕೀಲ ಸರ್ ಆರ್ಚಿಬಾಲ್ಡ್ ಬಾಡ್ಕಿನ್ ಅವರೇ ಐದು ಪೌಂಡಿನ ನೋಟನ್ನು ಜೆಬ್ ಅವರ ಕೈಗಿತ್ತರು. ಹುಟ್ಟಲಿದ್ದ ಸಂಸ್ಥೆಯ ಮೊದಲ ದೇಣಿಗೆ ಅದೇ ಎಂದು ಹೇಳುತ್ತಾರೆ.

ನಾಲ್ಕೇ ದಿನಗಳ ನಂತರ, ಮೇ 19ರಂದು, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ಸಭೆ ನಡೆಯಿತು. ಶತ್ರುಗಳ ಮಕ್ಕಳಿಗೆ ಹಣ ಕೇಳುವ ಈ ಹೆಂಗಸರ ಮೇಲೆ ಎಸೆಯಲು ಕೊಳೆತ ಹಣ್ಣು ಹಿಡಿದು ಬಂದವರೂ ಅಲ್ಲಿದ್ದರಂತೆ. ಆ ಸಭೆಯಲ್ಲೇ ಸೇವ್ ದಿ ಚಿಲ್ಡ್ರನ್ ಫಂಡ್ ಸಾರ್ವಜನಿಕವಾಗಿ ಆರಂಭವಾಯಿತು. ಜೆಬ್ ಅದರ ಗೌರವ ಕಾರ್ಯದರ್ಶಿಯಾದರು.

ಕಚೇರಿ ಕಟ್ಟಿದ ಬಗೆ

ಈ ನಿಧಿ ಕೆಲವೇ ಕಾಲ ಇದ್ದು, ಬಿಕ್ಕಟ್ಟು ತೀರಿದ ಮೇಲೆ ಮುಚ್ಚಬೇಕಾದ ಸಂಸ್ಥೆ ಎಂಬುದು ಮೊದಲ ಎಣಿಕೆ. ಆರಂಭದಲ್ಲಿ ಅದು ಹಣ ಕೂಡಿಸಿ, ಸ್ಥಳದಲ್ಲಿ ಈಗಾಗಲೇ ದುಡಿಯುತ್ತಿದ್ದ ಸಂಸ್ಥೆಗಳಿಗೆ ಹಂಚುತ್ತಿತ್ತು. ಹಾಗಾಗಿ ಆಡಳಿತದ ಪ್ರಶ್ನೆಗಳು ಮೊದಲ ದಿನದಿಂದಲೇ ಎದುರಾದವು. ಯಾವ ದೇಶಕ್ಕೆ ಎಷ್ಟು? ಕೊಟ್ಟ ಹಣ ಹಾಲಾಯಿತೇ, ಹಾಳಾಯಿತೇ? ಕೊಟ್ಟವರಿಗೆ ಅದನ್ನು ತೋರಿಸುವುದು ಹೇಗೆ?

ಜೆಬ್ ಇವಕ್ಕೆ ವ್ಯಾಪಾರಿ ಸಂಸ್ಥೆಯಷ್ಟೇ ಬಿಗಿಯಾಗಿ ಉತ್ತರ ಹುಡುಕಿದರು. ಪತ್ರಿಕೆಗಳಲ್ಲಿ ಪುಟ ತುಂಬುವ ಜಾಹೀರಾತು ಹಾಕಿಸಿದರು. ದಾನದ ಹಣವನ್ನು ಜಾಹೀರಾತಿಗೆ ಖರ್ಚು ಮಾಡುವುದೇ ಎಂದು ಹಲವರು ಮುಖ ಸಿಂಡರಿಸಿದರು, ಆದರೆ ಹಣ ಬಂತು. 1920ರ ಅಕ್ಟೋಬರಿನಿಂದ ದಿ ರೆಕಾರ್ಡ್ ಎಂಬ ಪತ್ರಿಕೆ ಹೊರಟಿತು. ಹೆಸರೇ ಹೇಳುವಂತೆ ಅದು ಕೆಲಸದ ದಾಖಲೆ. ದೂರದ ಮಗುವೊಂದರ ಖರ್ಚನ್ನು ದಾನಿಯೊಬ್ಬರು ವಹಿಸಿಕೊಳ್ಳುವ ಯೋಜನೆಯೂ ಬಂತು. ಲೆಕ್ಕದಲ್ಲಿ ಸಂಖ್ಯೆಯಾಗಿದ್ದ ಮಗುವಿಗೆ ಹೀಗೆ ಹೆಸರು ಬಂತು.

1919ರ ಕೊನೆಯಲ್ಲಿ ಜೆಬ್ ರೋಮಿಗೆ ಹೋಗಿ ಪೋಪ್ ಹದಿನೈದನೇ ಬೆನೆಡಿಕ್ಟ್ ಅವರನ್ನು ಕಂಡರು. ಆ ವರ್ಷದ ಡಿಸೆಂಬರ್ 28ರಂದು ಮಧ್ಯ ಯೂರೋಪಿನ ಮಕ್ಕಳಿಗಾಗಿ ಹಣ ಸಂಗ್ರಹಿಸಲು ಪೋಪ್ ಜಗತ್ತಿನ ಕ್ಯಾಥೊಲಿಕ್ ಚರ್ಚುಗಳಿಗೆ ಕರೆ ಕೊಟ್ಟರು. 1920ರ ಜನವರಿಯಲ್ಲಿ ಜಿನೀವಾದಲ್ಲಿ, ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಆಶ್ರಯದಲ್ಲಿ, ಅಂತರರಾಷ್ಟ್ರೀಯ ಮಕ್ಕಳ ರಕ್ಷಣಾ ಒಕ್ಕೂಟ ಸ್ಥಾಪನೆಯಾಯಿತು. ಬೇರೆ ಬೇರೆ ದೇಶಗಳ ಸಮಿತಿಗಳು ಅದರ ಸದಸ್ಯರು. ನಿನ್ನೆ ಪರಸ್ಪರ ಯುದ್ಧ ಮಾಡಿದ ದೇಶಗಳ ಜನ ಒಂದೇ ಮೇಜಿನ ಸುತ್ತ ಕುಳಿತು ಮಕ್ಕಳ ಊಟದ ಲೆಕ್ಕ ನೋಡತೊಡಗಿದರು.

ಸರಟೋವ್‌ನ ಅಡುಗೆಮನೆಗಳು

ನಿಜವಾದ ಪರೀಕ್ಷೆ ಬಂದದ್ದು 1921ರಲ್ಲಿ. ರಷ್ಯಾದ ವೋಲ್ಗಾ ನದಿ ಪ್ರದೇಶದಲ್ಲಿ ಭೀಕರ ಕ್ಷಾಮ ಬಿತ್ತು. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಯೂರೋಪಿನ ಪರಿಹಾರ ಸಂಸ್ಥೆಗಳ ಪರವಾಗಿ ಸೋವಿಯತ್ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡರು. ಫಂಡಿನ ಪಾಲಿಗೆ ಸರಟೋವ್ ಪ್ರಾಂತ್ಯ ಬಂತು. ಸೆಪ್ಟೆಂಬರಿನಲ್ಲಿ ಟೋರ್ಸೆಲ್ಲೊ ಎಂಬ ಹಡಗು 600 ಟನ್ ಸಾಮಗ್ರಿ ಹೊತ್ತು ಲಂಡನ್ನಿನಿಂದ ಹೊರಟಿತು.

ಬ್ರಿಟನ್ನಿನಲ್ಲಿ ವಿರೋಧ ಜೋರಾಗಿತ್ತು. ನಮ್ಮಲ್ಲೇ ನಿರುದ್ಯೋಗವಿರುವಾಗ ಬೋಲ್ಶೆವಿಕರ ಮಕ್ಕಳಿಗೆ ಊಟವೇಕೆ ಎಂದು ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆ ಪ್ರಚಾರ ನಡೆಸಿತು. ಕ್ಷಾಮದ ಸುದ್ದಿಯೇ ಉತ್ಪ್ರೇಕ್ಷೆ ಎನ್ನುವವರೂ ಇದ್ದರು. ಫಂಡ್ ಇದಕ್ಕೆ ಪುರಾವೆಯಿಂದ ಉತ್ತರ ಕೊಟ್ಟಿತು. ಡೈಲಿ ಮಿರರ್ ಪತ್ರಿಕೆಯ ಛಾಯಾಗ್ರಾಹಕ ಜಾರ್ಜ್ ಮ್ಯೂಸ್ ಸರಟೋವ್‌ಗೆ ಹೋಗಿ ಚಲನಚಿತ್ರ ತೆಗೆದು ತಂದರು. ಅದನ್ನು ಊರೂರುಗಳಲ್ಲಿ ತೋರಿಸಿದರು. ಕಣ್ಣಾರೆ ಕಂಡ ಮೇಲೆ ಅನುಮಾನಕ್ಕೆ ಎಡೆ ಕಡಿಮೆಯಾಯಿತು. ಕೆಲಸ ಉತ್ತುಂಗದಲ್ಲಿದ್ದಾಗ ಸರಟೋವ್‌ನ ಅಡುಗೆಮನೆಗಳು ದಿನಕ್ಕೆ ಸುಮಾರು 3,00,000 ಮಕ್ಕಳಿಗೆ ಊಟ ಹಾಕಿದವು. ಆ ಅಡುಗೆಮನೆಗಳ ಹಿಂದೆ ಬೇಕಾದ ಕೆಲಸವನ್ನು ಊಹಿಸಿಕೊಳ್ಳಿ: ಬಂದರಿನಿಂದ ರೈಲು, ರೈಲಿನಿಂದ ಉಗ್ರಾಣ, ಉಗ್ರಾಣದಿಂದ ಹಳ್ಳಿ, ಪ್ರತಿ ಹಂತದಲ್ಲೂ ಚೀಲದ ಎಣಿಕೆ, ಪ್ರತಿ ಮಗುವಿನ ಲೆಕ್ಕ. ನಮ್ಮ ಶಾಲೆಗಳಲ್ಲಿ ಬಿಸಿಯೂಟದ ಪುಸ್ತಕ ತುಂಬುವವರಿಗೆ ಈ ಕೆಲಸದ ಭಾರ ವಿವರಿಸಬೇಕಾಗಿಲ್ಲ.

ಐದು ಅಂಶಗಳು

ಕ್ಷಾಮ ತೀರಿತು, ಜನರ ಅನುಕಂಪವೂ ತಣ್ಣಗಾಯಿತು. ಹಣ ಬರುವುದು ಇಳಿಯಿತು. ಇಲ್ಲಿ ಜೆಬ್ ಅವರಿಗೆ ಒಂದು ಮಾತು ಸ್ಪಷ್ಟವಾಯಿತು. ಮಗುವಿನ ಊಟ ಜನರ ಅನುಕಂಪದ ಏರಿಳಿತವನ್ನು ನಂಬಿಕೊಂಡಿರಬಾರದು. ಅದು ದೊಡ್ಡವರು ಒಪ್ಪಿಕೊಂಡ, ಬರೆದಿಟ್ಟ ಹೊಣೆಯಾಗಬೇಕು.

ಜಿನೀವಾದ ಪಕ್ಕದ ಸಲೇವ್ ಬೆಟ್ಟ ಹತ್ತಿ ಅವರು ಘೋಷಣೆಯ ಕರಡು ಬರೆದರೆಂದು ಹೇಳುತ್ತಾರೆ. ಅದರಲ್ಲಿ ಐದೇ ಅಂಶ. ಮಗುವಿಗೆ ದೇಹ, ಮನಸ್ಸು ಎರಡೂ ಸಹಜವಾಗಿ ಬೆಳೆಯಲು ಬೇಕಾದುದೆಲ್ಲ ಸಿಗಬೇಕು ಎಂಬುದು ಮೊದಲನೆಯದು. ಹಸಿದ ಮಗುವಿಗೆ ಊಟ, ಕಾಯಿಲೆಯ ಮಗುವಿಗೆ ಆರೈಕೆ, ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ನೆರವು, ದಾರಿತಪ್ಪಿದ ಮಗುವಿಗೆ ಮರಳಿ ದಾರಿ, ಅನಾಥ ಮಗುವಿಗೆ ಆಸರೆ ಎಂಬುದು ಎರಡನೆಯದು. ಸಂಕಟ ಬಂದಾಗ ಮೊದಲ ನೆರವು ಮಗುವಿಗೆ ಎಂಬುದು ಮೂರನೆಯದು. ಜೀವನೋಪಾಯಕ್ಕೆ ಮಗುವನ್ನು ಸಜ್ಜುಗೊಳಿಸಬೇಕು, ಎಲ್ಲ ಬಗೆಯ ಶೋಷಣೆಯಿಂದ ಕಾಯಬೇಕು ಎಂಬುದು ನಾಲ್ಕನೆಯದು. ತನ್ನ ಶಕ್ತಿ ಸಹಮಾನವರ ಸೇವೆಗೆ ಎಂಬ ಅರಿವಿನಲ್ಲಿ ಮಗುವನ್ನು ಬೆಳೆಸಬೇಕು ಎಂಬುದು ಐದನೆಯದು. ಮಾರ್ಲ್‌ಬರೋ ಶಾಲೆ, ಕೇಂಬ್ರಿಜ್‌ನ ನೋಂದಣಿ ಕಚೇರಿ, ಸರಟೋವ್‌ನ ಅಡುಗೆಮನೆ ಮೂರೂ ಈ ಐದರಲ್ಲಿ ಕಾಣುತ್ತವೆ.

ಒಕ್ಕೂಟ ಇದನ್ನು 1923ರಲ್ಲಿ ಅಂಗೀಕರಿಸಿತು. 1924ರ ಸೆಪ್ಟೆಂಬರ್ 26ರಂದು ರಾಷ್ಟ್ರಸಂಘದ ಮಹಾಸಭೆ ಒಪ್ಪಿತು. ಪಾಲಿಸದಿದ್ದರೆ ಶಿಕ್ಷೆ ವಿಧಿಸುವ ಬಲ ಆ ಘೋಷಣೆಗೆ ಇರಲಿಲ್ಲ. ಆದರೆ ಮಗುವಿಗೆ ಸಲ್ಲಬೇಕಾದುದನ್ನು ದೇಶಗಳು ಸೇರಿ ಕಾಗದದ ಮೇಲೆ ಒಪ್ಪಿಕೊಂಡದ್ದು ಅದೇ ಮೊದಲು.

ಜೆಬ್ ಮುಂದೆ ರಾಷ್ಟ್ರಸಂಘದ ಮಕ್ಕಳ ಕಲ್ಯಾಣ ಸಲಹಾ ಸಮಿತಿಯಲ್ಲಿ ಕೆಲಸ ಮಾಡಿದರು. ವರ್ಷಗಳಿಂದ ಕಾಡುತ್ತಿದ್ದ ಥೈರಾಯ್ಡ್ ಕಾಯಿಲೆ ಉಲ್ಬಣಿಸಿ 1928ರ ಡಿಸೆಂಬರ್ 17ರಂದು ಜಿನೀವಾದಲ್ಲಿ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಮದುವೆಯಾಗಿರಲಿಲ್ಲ, ಸ್ವಂತ ಮಕ್ಕಳಿರಲಿಲ್ಲ.

ಉಳಿದ ಕಾಗದಗಳು

ಸಂಸ್ಥೆ ಉಳಿಯಿತು. ಎರಡನೇ ಮಹಾಯುದ್ಧದ ನಂತರ, 1946ರ ಡಿಸೆಂಬರ್ 11ರಂದು, ವಿಶ್ವಸಂಸ್ಥೆ ಯುನಿಸೆಫ್ ಸ್ಥಾಪಿಸಿದಾಗ, ಜನಾಂಗ, ಮತ, ರಾಷ್ಟ್ರೀಯತೆ, ರಾಜಕೀಯ ನಂಬಿಕೆಗಳ ಭೇದವಿಲ್ಲದೆ ಅಗತ್ಯ ನೋಡಿ ನೆರವು ಕೊಡಬೇಕೆಂಬ ನಿಯಮ ನಿರ್ಣಯದಲ್ಲೇ ಸೇರಿತು. 1919ರಲ್ಲಿ ಇದೇ ಮಾತಿಗಾಗಿ ಜೆಬ್ ನ್ಯಾಯಾಲಯದ ಕಟಕಟೆ ಹತ್ತಿದ್ದರು. 1946ರಲ್ಲೇ ಜಿನೀವಾದ ಒಕ್ಕೂಟ ಇನ್ನೊಂದು ಸಂಘದೊಡನೆ ವಿಲೀನವಾಗಿ ಹೊಸ ಹೆಸರು ಪಡೆಯಿತು, 1986ರಲ್ಲಿ ವಿಸರ್ಜನೆಯಾಯಿತು. ಅದರ ಕಡತಗಳು ಇಂದು ಜಿನೀವಾ ರಾಜ್ಯದ ಪತ್ರಾಗಾರದಲ್ಲಿವೆ. ಲಂಡನ್ ಫಂಡಿನ ದಾಖಲೆಗಳು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕ್ಯಾಡ್ಬರಿ ಸಂಶೋಧನಾ ಗ್ರಂಥಾಲಯದಲ್ಲಿವೆ. ನಡಾವಳಿ, ಪತ್ರವ್ಯವಹಾರ, ಲೆಕ್ಕಪತ್ರ, ಛಾಯಾಚಿತ್ರ ಇಂಥವು ಉಳಿದಿರುವುದರಿಂದಲೇ ನೆರವು ಹೇಗೆ ನಡೆಯಿತು, ಎಲ್ಲಿ ಎಡವಿತು ಎಂದು ಸಂಶೋಧಕರು ಇಂದು ಪರಿಶೀಲಿಸಬಲ್ಲರು.

ಆ ದಾಖಲೆಗಳನ್ನು ಓದುವಾಗ ಶಿಕ್ಷಕರು ಗಮನಿಸಬೇಕಾದ ಒಂದು ಕೊರತೆಯಿದೆ. ವರದಿ ಬರೆದವರು ದೊಡ್ಡವರು, ಚಿತ್ರ ತೆಗೆದವರು ದೊಡ್ಡವರು. ಕರಪತ್ರದ ಮಗುವನ್ನು ಲಂಡನ್ ನೋಡಿತು, ಮಗುವಿನ ಮಾತು ಯಾರಿಗೂ ಕೇಳಿಸಲಿಲ್ಲ. 1924ರ ಘೋಷಣೆಯೂ ಮಗುವಿಗೆ ಏನು ಕೊಡಬೇಕು ಎಂದು ಹೇಳಿತು, ಮಗುವನ್ನು ಕೇಳಬೇಕು ಎಂದು ಹೇಳಲಿಲ್ಲ. ಆ ಮಾತು ಬಂದದ್ದು 1989ರ ಒಡಂಬಡಿಕೆಯ 12ನೇ ವಿಧಿಯಲ್ಲಿ: ತನಗೆ ಸಂಬಂಧಿಸಿದ ವಿಷಯಗಳಲ್ಲಿ ತನ್ನ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ. ಭಾರತ ಈ ಒಡಂಬಡಿಕೆಯನ್ನು 1992ರ ಡಿಸೆಂಬರ್ 11ರಂದು ಒಪ್ಪಿಕೊಂಡಿತು.

ಅಭ್ಯಾಸ ಬೋಧನೆಗೆ

ಅಭ್ಯಾಸ ಬೋಧನೆಯಲ್ಲಿ ದಾಖಲೆ ಕೆಲಸದ ಬಗ್ಗೆ ಗೊಣಗದವರಿಲ್ಲ. ಹಾಜರಿ, ಪಾಠ ಯೋಜನೆ, ಅವಲೋಕನ ಪುಸ್ತಕ, ವ್ಯಕ್ತಿ ಅಧ್ಯಯನ ಇವೆಲ್ಲ ಅಂಕಕ್ಕಾಗಿ ತುಂಬುವ ಹಾಳೆಗಳೆಂದು ಅನ್ನಿಸುತ್ತದೆ. ಜೆಬ್ ಅವರ ಬದುಕು ಓದಿದ ಮೇಲೆ ಹಾಜರಿ ಪುಸ್ತಕದ ಖಾಲಿ ಚೌಕ ಬೇರೆಯಾಗಿ ಕಾಣಬೇಕು. ಮೂರು ದಿನ ಬಾರದ ಮಗುವಿನ ಬಗ್ಗೆ ಮೊದಲು ಸುದ್ದಿ ಕೊಡುವುದು ಅದೇ ಚೌಕ. ಅದನ್ನು ನೋಡಿ ವಿಚಾರಿಸಿದರೆ ದಾಖಲೆ, ವಿಚಾರಿಸದಿದ್ದರೆ ಬರೀ ಕಾಗದ.

ಸಮಾಜ ವಿಜ್ಞಾನದ ಪಾಠಕ್ಕೆ ಮೂರು ಚಟುವಟಿಕೆಗಳನ್ನು ಸೂಚಿಸಬಹುದು.

1. ಐದು ಅಂಶಗಳನ್ನು ಐದು ಚೀಟಿಗಳಲ್ಲಿ ಬರೆದು ಐದು ಗುಂಪುಗಳಿಗೆ ಕೊಡಿ. ತಮ್ಮ ಶಾಲೆಯಲ್ಲಿ ಆ ಅಂಶ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎಂದು ಪ್ರತಿ ಗುಂಪು ಪಟ್ಟಿ ಮಾಡಲಿ.

2. ಮುಖ್ಯ ಶಿಕ್ಷಕರ ಅನುಮತಿ ಪಡೆದು ಶಾಲೆಯ ಹಳೆಯ ದಾಖಲಾತಿ ಪುಸ್ತಕದಿಂದ ಹೆಸರುಗಳನ್ನು ಬಿಟ್ಟು ಇಸವಿ, ವಯಸ್ಸು, ಶಾಲೆ ಬಿಟ್ಟ ಕಾರಣಗಳನ್ನು ಮಾತ್ರ ಬರೆದುಕೊಳ್ಳಿ. ಮೂಲ ಆಧಾರವೊಂದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಮಕ್ಕಳು ಚರ್ಚಿಸಲಿ.

3. ಆರನೆಯ ಅಂಶ ಸೇರಿಸುವುದಾದರೆ ಏನು ಸೇರಿಸುತ್ತೀರಿ ಎಂದು ಮಕ್ಕಳನ್ನೇ ಕೇಳಿ. ಉತ್ತರಗಳನ್ನು ತಿದ್ದದೆ, ಅವರ ಮಾತಿನಲ್ಲೇ ಬರೆದು, ದಿನಾಂಕ ಹಾಕಿ ಇಡಿ.

ಮೂರನೆಯದನ್ನು ಬಿಡಬೇಡಿ. ಜಿನೀವಾದ ಕಡತಗಳಲ್ಲಿ ಕಡಿಮೆ ಬಿದ್ದದ್ದು ಅದೇ.